ಮೇಸ್ತ್ರಿ ಓಂಕಾರಪ್ಪ ಪಂಚೆ ಇಳಿಸಿದ್ದು

ಭದ್ರಾವತಿಯ ಆ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ ಓಂಕಾರಪ್ಪನ ಪಂಚೆ ಯಾವಾಗಲೂ ಮೊಣಕಾಲಿನ ಮೇಲೇ. ಸಾಹುಕಾರರು ಬಂದರೆ ಮಾತ್ರ ಸರ್ರನೆ ಇಳಿಯುತ್ತಿತ್ತು. ದೊಡ್ಡವರೆದುರು ಎತ್ತಿಕಟ್ಟಿದ ಪಂಚೆ ಇಳಿಸುವುದು ಮರ್ಯಾದೆ. ಆಳುಗಳ ಮುಂದೆ ಎತ್ತಿ ನಿಲ್ಲುವುದು ಮೇಸ್ತ್ರಿಕೆ. ಕಣದಲ್ಲಿ ಭತ್ತ ಹರಡುವ ಹೆಂಗಸರು ಒಂದು ಗಳಿಗೆ ಕೂತರೂ ಅವನಿಗೆ ಮೈಯೆಲ್ಲ ಉರಿ. ಅವರು ಕೂರದಂತೆ ಕಾಯುತ್ತ ತಾನೂ ವರ್ಷಗಟ್ಟಲೆ ನಿಂತ. ಅವನು ಮಾಡಿದ ನ್ಯಾಯ ಅದೊಂದೇ.

ಕಾಲು ಸುಮ್ಮನಿರುತ್ತದೆಯೇ? ಮೀನಖಂಡದಲ್ಲಿ ನರ ಗಂಟುಗಂಟಾಗಿ ಉಬ್ಬಿ, ಪಾದದ ಗಂಟಿನ ಬಳಿ ಹುಣ್ಣಾಯಿತು. ತೊಂಬತ್ತೊಂಬತ್ತನೇ ಇಸವಿಯಲ್ಲಿ ಶಿವಮೊಗ್ಗದ ಡಾಕ್ಟರು ಕಾಲಿನ ಅಳತೆ ತೆಗೆದು, ಮೈಬಣ್ಣದ ಬಿಗಿ ಕಾಲುಚೀಲ ಕೊಟ್ಟರು.

"ನಿಂತಾಗ ರಕ್ತ ಕೆಳಗೇ ನಿಂತುಬಿಡುತ್ತೆ. ಇದು ಕೆಳಗೆ ಬಿಗಿ, ಮೇಲಕ್ಕೆ ಹೋದ ಹಾಗೆ ಸಡಿಲ. ನರಾನ ಅದುಮಿ ರಕ್ತಾನ ಮೇಲಕ್ಕೆ ಕಳಿಸುತ್ತೆ. ಬೆಳಿಗ್ಗೆ ಎದ್ದ ಕೂಡಲೇ ಮೊಣಕಾಲಿನವರೆಗೂ ಹಾಕ್ಕೊಳ್ಳಿ. ಇಲ್ಲಾಂದ್ರೆ ಹುಣ್ಣು ಮಾಯಲ್ಲ."

ಹಾಕಿಕೊಂಡ. ಆದರೆ ಹೆಂಗಸರು ಹಾಕುವಂಥ ಆ ಚೀಲವನ್ನು ನಾಲ್ಕು ಜನ ನೋಡಬಾರದಲ್ಲ! ಪಂಚೆ ಇಳಿಬಿಟ್ಟ. ಮೂಟೆ ಹೊರುವ ಭೂತಪ್ಪ ಗಾಬರಿಯಾದ.

"ಅಯ್ಯೋ, ನಮ್ಮೆದುರು ಯಾಕಣ್ಣ ಪಂಚೆ ಇಳಿಸ್ತೀರಿ?"

ಇಡೀ ಕಣ ಕಿಸಕ್ಕೆಂದಿತು. ಹುಣ್ಣಿಗಿಂತ ಆ ನಗುವೇ ಅವನಿಗೆ ಹೆಚ್ಚು ಉರಿಯಿತು. ಮರುದಿನದಿಂದ ಚೀಲವನ್ನು ಪಾದದ ಗಂಟಿನವರೆಗೆ ಕೆಳಕ್ಕೆ ಸುರುಳಿ ಸುತ್ತಿ, ಅದರ ಮೇಲೊಂದು ಬಟ್ಟೆ ಕಟ್ಟಿ, "ಗಾಯದ ಪಟ್ಟಿ" ಎಂದು ಸಾರಿ ಪಂಚೆ ಎತ್ತಿ ನಿಂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ!

ತಿಂಗಳೊಳಗೆ ಕಾಲು ಊದಿ ಬಾಳೆದಿಂಡಾಯಿತು, ಹುಣ್ಣು ಅಗಲವಾಯಿತು. ಡಾಕ್ಟರು ಹಣೆ ಚಚ್ಚಿಕೊಂಡರು. "ರಕ್ತ ಮೇಲೆ ಹೋಗ್ಲಿ ಅಂತ ಕೊಟ್ರೆ ಸುರುಳಿ ಸುತ್ತಿ ಕಟ್ಟೆ ಕಟ್ಟಿದ್ದೀರಲ್ಲ ಮಾರಾಯ್ರೆ! ಗಾಜನೂರಲ್ಲಿರೋ ಡ್ಯಾಮ್ ಸಾಲ್ದಾ? ಕೀವು ಮೇಲೇರಿದ್ರೆ ಕಾಲು ಉಳಿಯಲ್ಲ."

ಕಾಲಿನ ಭಯಕ್ಕೆ ಮೇಸ್ತ್ರಿಕೆ ತೆಪ್ಪಗಾಯಿತು. ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಚೀಲವನ್ನು ಮೊಣಕಾಲಿನವರೆಗೂ ಎಳೆದು, ಪಂಚೆ ಇಳಿಸಿಯೇ ಓಡಾಡಿದ. ಮಳೆಗಾಲ ಮುಗಿಯುವಷ್ಟರಲ್ಲಿ ಹುಣ್ಣು ಮಾಯಿತು. ಜಂಬಕ್ಕೆ ಮತ್ತೆ ಜೀವ ಬಂತು.

ಅದೇ ವಾರ ಕಣದಲ್ಲಿ ಭತ್ತ ಹರಡುತ್ತಿದ್ದ ಈಶ್ವರಮ್ಮ ಸೊಂಟ ಹಿಡಿದುಕೊಂಡು ಕೂತಳು. "ಏಳೇ!" ಎಂದು ಗುಡುಗುತ್ತ ಓಂಕಾರಪ್ಪ ಅಭ್ಯಾಸಬಲದಿಂದ ಪಂಚೆ ಎತ್ತಿಕಟ್ಟಿಯೇಬಿಟ್ಟ. ಕಾಲುಚೀಲ ಎಲ್ಲರಿಗೂ ಕಂಡಿತು. ಈ ಸಲ ಯಾರೂ ನಗಲಿಲ್ಲ. ಭೂತಪ್ಪ ಹತ್ತಿರ ಬಂದು ಅದನ್ನೇ ನೋಡಿದ.

"ಇಂಥದ್ದೊಂದು ಇರುತ್ತೆ ಅಂತ ಗೊತ್ತಿದ್ರೆ ನಮ್ಮವ್ವಂಗೂ ಕೊಡಿಸ್ತಿದ್ದೆ ಅಣ್ಣ. ಇದೇ ಕಣದಲ್ಲಿ ನಿಂತೂ ನಿಂತೂ ಅವಳ ಕಾಲೂ ಹಿಂಗೇ ಆಗಿತ್ತು. ಒಂದು ಗಳಿಗೆ ಕೂತ್ಕೋತೀನಿ ಅಂದ್ರೂ ನೀವು ಬಿಡ್ಲಿಲ್ಲ."

ಈಶ್ವರಮ್ಮ ಏಳಲಿಲ್ಲ. ಓಂಕಾರಪ್ಪ ಇನ್ನೊಮ್ಮೆ ಏಳು ಎನ್ನಲಿಲ್ಲ.