ವಿಳಾಸ ಕೇಳಿದವನು

ಬ್ರಿಟನ್ ಬಿಟ್ಟು ಯೂರೋಪಿನ ಬೇರೆ ದೇಶಗಳಲ್ಲಿ ಸಂಸಾರ ಹೂಡುವವರಿಗೆ ಫೋನಿನಲ್ಲಿ ಸಲಹೆ ಕೊಡುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದೆ. ಆಗ ನಾನು ಬ್ರಿಟನ್ನನ್ನೂ ನೋಡಿರಲಿಲ್ಲ, ಯೂರೋಪನ್ನೂ ನೋಡಿರಲಿಲ್ಲ. ಮೈಸೂರಿನಿಂದ ನೇರ ಅಬುಧಾಬಿಗೆ ಬಂದವಳು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿಗಳ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು ಇತ್ತು. ಮನೆ ಸಾಮಾನು ಸಾಗಿಸುವ ಕಂಪನಿ ಅದು. ಲಾರಿಗಳು ಯೂರೋಪಿನಲ್ಲಿ ಓಡುತ್ತಿದ್ದವು, ಫೋನು ಮಾತ್ರ ನಮ್ಮಲ್ಲಿ ರಿಂಗಣಿಸುತ್ತಿತ್ತು. ಇಲ್ಲಿ ಸಂಬಳ ಕಡಿಮೆ ಎಂಬುದೇ ಕಾರಣ.

ಹೇಳಬೇಕಾದದ್ದೆಲ್ಲ ಬಾಯಿಪಾಠ ಆಗಿತ್ತು. ನಿಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿನ ಗೋಡೆಗೆ ಹಿಡಿಸುವುದಿಲ್ಲ, ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟುಕೊಂಡು ಅದರ ಪ್ಲಗ್ ಒಂದನ್ನೇ ಬದಲಾಯಿಸಿ. ಅಲ್ಲಿನ ಹಾಸಿಗೆಯ ಅಳತೆ ಬೇರೆ, ನಿಮ್ಮ ಬೆಡ್‌ಶೀಟು ಸಾಲುವುದಿಲ್ಲ. ಕಿಟಕಿ ಒಳಮುಖವಾಗಿ ತೆರೆಯುತ್ತದೆ, ಪರದೆ ಆಮೇಲೆ ಕೊಳ್ಳಿ. ಕೆಟಲು, ಚಹಾಪುಡಿ, ಟಾಯ್ಲೆಟ್ ಪೇಪರು ಕೊನೆಯ ಪೆಟ್ಟಿಗೆಯಲ್ಲಿರಲಿ, ಅದನ್ನೇ ಮೊದಲು ಇಳಿಸುತ್ತಾರೆ. ಮದುವೆಯ ಸರ್ಟಿಫಿಕೇಟನ್ನು ಅಲ್ಲಿನ ಭಾಷೆಗೆ ಅನುವಾದ ಮಾಡಿಸಿ. ನನ್ನ ಮಾತು ಕೇಳಿದವರು ನಾನು ಪ್ಯಾರಿಸ್ಸಿನಲ್ಲೇ ಕೂತಿದ್ದೇನೆ ಎಂದುಕೊಳ್ಳುತ್ತಿದ್ದರು. ನಾನೂ ಅಲ್ಲವೆನ್ನುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಕಲ್ಯಾಣಪುರದ ಅಕ್ಕ ಕೂರುತ್ತಿದ್ದರು. ಮನೆಮಾತು ಕೊಂಕಣಿ. ನನ್ನೊಡನೆ ಉಡುಪಿ ಕಡೆಯ ಕನ್ನಡ. ಮೊದಲು ದುಬೈಯ ಒಂದು ಹೋಟೆಲಿನ ರಿಸೆಪ್ಶನ್ನಿನಲ್ಲಿ ದುಡಿದವರು. ಯಾರನ್ನೂ ನಂಬುತ್ತಿರಲಿಲ್ಲ. "ಹೋಟೆಲಲ್ಲಿ ಗಂಡ ಹೆಂಡ್ತಿ ಅಂತ ಹೇಳಿ ಬಂದವರನ್ನೆಲ್ಲ ನಾನು ನೋಡಿದ್ದೇನೆ, ಮಾರಾಯ್ತಿ," ಎನ್ನುತ್ತಿದ್ದರು. ಅವರ ಜೊತೆ ಇದ್ದು ಇದ್ದು ನನಗೂ ಅದು ಅಂಟಿತ್ತು.

ಒಂದು ಚಳಿಗಾಲದಲ್ಲಿ ಇಂಗ್ಲೆಂಡಿನ ಸಣ್ಣ ಊರೊಂದರಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಶಾಲೆಯಲ್ಲಿ ಸಂಗೀತ ಕಲಿಸುವವಳು, ಫ್ರಾನ್ಸಿನ ಪಶ್ಚಿಮದ ಒಂದು ಪಟ್ಟಣಕ್ಕೆ ಹೋಗುವವಳು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಅವಳ ಷರತ್ತುಗಳು ವಿಚಿತ್ರವಾಗಿದ್ದವು. ಅವಳು ಮನೆಗೆ ಬರುವ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ ಫೋನ್ ಮಾಡಬೇಕು. ಅವಳು ಎತ್ತದಿದ್ದರೆ ಮೆಸೇಜು ಬಿಡಬಾರದು. ಲಾರಿಯ ಮೇಲೆ ಕಂಪನಿಯ ಹೆಸರಿರಬಾರದು. ಸಾಮಾನು ಪೂರ್ತಿ ಅಲ್ಲ, ಅರ್ಧ. ಎರಡು ಸೋಫಾದಲ್ಲಿ ಒಂದು, ಆರು ಕುರ್ಚಿಯಲ್ಲಿ ಮೂರು. ಅವಳ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ ಕೆಲವು ವಾರ ಕಾಯಬೇಕು ಎಂದು ನಾನು ಹೇಳಿದಾಗ, "ನಮ್ಮೂರಿನ ಡಾಕ್ಟರು ಬೇಡ, ಬೇರೆ ಊರಲ್ಲಿ ಹಾಕಿಸುತ್ತೇನೆ," ಎಂದಳು.

ಫೋನಿಟ್ಟ ಮೇಲೆ ಅಕ್ಕನಿಗೆ ಹೇಳಿದೆ.

"ಗಂಡನಿಗೆ ಗೊತ್ತಿಲ್ಲದೆ ಓಡುವ ಕ್ರಮ ಇದು," ಎಂದರು ಅಕ್ಕ. "ಒಂದೋ ಅವಳು ಮನೆ ಬೋಳಿಸ್ತಾ ಇದ್ದಾಳೆ, ಇಲ್ಲದಿದ್ರೆ ಅವ ಸರಿ ಇಲ್ಲ. ಎರಡರಲ್ಲಿ ಒಂದು."

ಮೊದಲ ಮಾತೇ ನನಗೆ ನಿಜ ಅನ್ನಿಸಿತು. ಕುರ್ಚಿಗಳನ್ನು ಅಷ್ಟು ಅಳೆದು ತೂಗಿ ಆರಿಸುವವಳಿಗೆ ಭಯ ಇದ್ದೀತೆ? ಭಯ ಇದ್ದವರು ಉಟ್ಟ ಬಟ್ಟೆಯಲ್ಲೇ ಹೋಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಮುಂದಿನ ಫೋನುಗಳಲ್ಲಿ ಅವಳ ಪ್ರತಿ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆಯೇನೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ.

ಹೀಗೇ ಒಂದು ಸಂಜೆ ಒಬ್ಬ ಗಂಡಸಿನ ಫೋನು ಬಂತು. "ನೀವು ಯಾರು ಮಾತಾಡುತ್ತಿರುವುದು?" ಎಂದ. ಫೋನ್ ಮಾಡಿದವನೇ ಹಾಗೆ ಕೇಳಿದ್ದು ನನಗೆ ಚುಚ್ಚಿತು. ನಾನು ಅಭ್ಯಾಸಬಲದಿಂದ ಕಂಪನಿಯ ಹೆಸರು ಹೇಳಿದೆ. ಆಮೇಲೆ ಅವನ ದನಿಯೇ ಬದಲಾಯಿತು. ಜೇನು ಸವರಿದ ಹಾಗೆ.

"ಓ, ಹೌದಲ್ಲ! ನನ್ನ ಹೆಂಡತಿಯ ಬುಕಿಂಗ್ ನಿಮ್ಮ ಹತ್ತಿರವೇ ಇದೆ. ಅವಳಿಗೆ ಮರೆವು ಜಾಸ್ತಿ. ವಿಳಾಸ ಸರಿಯಾಗಿ ಕೊಟ್ಟಿದ್ದಾಳೋ ಇಲ್ಲವೋ ಒಮ್ಮೆ ಓದಿ ಹೇಳಿ." ಹೆಂಡತಿಯ ಹೆಸರನ್ನೂ ಹೇಳಿದ. ಅದು ನಮ್ಮ ಸಂಗೀತದ ಟೀಚರಿನದೇ ಹೆಸರು.

ಮನೆಯ ಫೋನಿನಲ್ಲಿ ರೀಡಯಲ್ ಒತ್ತಿ, ಅವಳು ಕೊನೆಗೆ ಮಾತಾಡಿದ ನಂಬರು ಹಿಡಿದಿದ್ದಾನೆ ಎಂದು ನನಗೆ ಹೊಳೆಯಿತು. ಒಂದು ನಿಮಿಷದ ಹಿಂದೆ ನಾವು ಯಾರೆಂದೇ ಅವನಿಗೆ ಗೊತ್ತಿರಲಿಲ್ಲ.

"ಕ್ಷಮಿಸಿ, ಫೋನಿನಲ್ಲಿ ಅಂಥ ವಿವರ ಕೊಡುವುದಿಲ್ಲ," ಎಂದೆ.

"ಪರವಾಗಿಲ್ಲ, ಪರವಾಗಿಲ್ಲ," ಎಂದು ನಕ್ಕ. "ಸ್ಪೇನಿನಲ್ಲಿ ನಮ್ಮ ಪ್ಲಗ್ಗು ಹಿಡಿಸುತ್ತದಾ? ಅದನ್ನಾದರೂ ಹೇಳಿ."

'ಸ್ಪೇನ್ ಅಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದಕ್ಕಾಗಿಯೇ ಅವನು ಕಾಯುತ್ತಿದ್ದ ಎಂದು ಆ ಕಡೆಯ ಮೌನದಿಂದ ಗೊತ್ತಾಯಿತು. ನಾನೂ ಸುಮ್ಮನಾದೆ. ಅವನು ಥ್ಯಾಂಕ್ಸ್ ಹೇಳಿ ಇಟ್ಟ.

ಮರುದಿನ ಬೇರೊಬ್ಬ ಫೋನ್ ಮಾಡಿ, ತಾನು ಬಂದರಿನ ಆಫೀಸಿನವನು, ಆ ಹೆಂಗಸಿನ ಸಾಮಾನು ಇಳಿಸುವ ಜಾಗ ಬೇಕು ಎಂದ. ಬೇರೊಬ್ಬ ಎಂದೆನಲ್ಲ, ಆದರೆ ಮಾತಿನ ಕೊನೆಯನ್ನು ನುಂಗುವ ರೀತಿ ಹಿಂದಿನ ದಿನದವನದೇ. ನಾನು ಸ್ಪೀಕರ್ ಒತ್ತಿ ಅಕ್ಕನ ಕಡೆ ನೋಡಿದೆ. ಅಕ್ಕ ಹೇಳಬೇಡ ಎಂಬಂತೆ ಕೈಯಾಡಿಸಿದರು, ನಾನು ಫೋನಿಟ್ಟೆ.

ಆ ಗುರುವಾರ ಸಂಜೆ ಎಂದಿನಂತೆ ಬಸ್ಸು ಹತ್ತಿ ದುಬೈಗೆ ಹೋದೆ. ನನ್ನ ಗಂಡನ ಕೆಲಸ ಏರ್‌ಪೋರ್ಟಿನ ಕಡೆ ಇತ್ತು, ಮಿರ್ದಿಫ್‌ನ ಒಂದು ವಿಲ್ಲಾದ ಹಿಂಭಾಗದಲ್ಲಿ ಬಾಡಿಗೆಗಿದ್ದರು. ನಾನು ಅಬುಧಾಬಿಯಲ್ಲಿ ಹೆಂಗಸರ ಬೆಡ್‌ಸ್ಪೇಸಿನಲ್ಲಿ, ಹಲವರು ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ. ಅಲ್ಲಿ ಶುಕ್ರವಾರ, ಶನಿವಾರ ರಜೆ, ವಾರಕ್ಕೆರಡು ದಿನದ ಸಂಸಾರ ನಮ್ಮದು. ಶುಕ್ರವಾರ ಬೆಳಗ್ಗೆ ದೋಸೆ ಹುಯ್ಯುತ್ತ ಎಲ್ಲ ಹೇಳಿದೆ. ತಲೆಯ ಮೇಲೆ ವಿಮಾನ ಇಳಿದಾಗಲೆಲ್ಲ ಮಾತು ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು.

"ನಿನಗ್ಯಾಕೆ ಇನ್ನೊಬ್ರ ಮನೆ ವಿಷ್ಯ?" ಎಂದರು ಅವರು. "ಅವನ ಮನೇನೂ ಹೌದಲ್ವಾ ಅದು? ಸೋಫಾ ಎತ್ಕೊಂಡು ಹೋದ್ರೆ ಗಂಡ ಆದವನು ಕೇಳಬಾರ್ದಾ?"

"ಕೇಳೋದಾದ್ರೆ ಹೆಂಡ್ತೀನ ಕೇಳ್ಬೇಕು. ನನ್ನನ್ಯಾಕೆ ಕೇಳ್ತಾನೆ?"

"ಅವಳು ಹೇಳಲ್ಲ, ಅದಕ್ಕೆ."

"ಸರಿ, ನಾನು ನಿಮಗೆ ಹೇಳದೆ ಮನೆ ಬಿಟ್ಟು ಹೋದ್ರೆ ನೀವು ಏನ್ಮಾಡ್ತೀರಾ?"

ಅವರು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. "ಹುಡುಕ್ತೀನಿ," ಎಂದು ತಟ್ಟೆ ಎತ್ತಿಕೊಂಡು ಹೋದರು. ಪ್ರೀತಿಯಿಂದ ಹೇಳಿದ್ದೇ ಇರಬಹುದು. ಆ ದಿನವೆಲ್ಲ ಆ ಒಂದು ಪದವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಫೋನಿನಲ್ಲಿ ನಕ್ಕ ಆ ಮನುಷ್ಯನನ್ನು ಯಾರಾದರೂ ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದನಲ್ಲವೆ?

ಭಾನುವಾರ ಆಫೀಸಿಗೆ ಬಂದವಳೇ ಅಕ್ಕನಿಗೆ, "ಅವಳಿಗೆ ತಿಳಿಸಲೇಬೇಕು," ಎಂದೆ. ಮ್ಯಾನೇಜರನ್ನು ಕೇಳಿದರೆ ಬುಕಿಂಗೇ ರದ್ದು ಮಾಡುತ್ತಾರೆ ಎಂಬ ಅನುಮಾನ ಇಬ್ಬರಿಗೂ ಇತ್ತು. ಅವಳ ಮೊಬೈಲು ನಂಬರು ನಮ್ಮಲ್ಲಿರಲಿಲ್ಲ, ಅವಳು ಕೊಟ್ಟಿರಲಿಲ್ಲ. ಸೋಮವಾರ ಅವಳು ಹೇಳಿದ್ದ ಊಟದ ಹೊತ್ತಿಗೆ ಫೋನ್ ಮಾಡಲು ನಿಶ್ಚಯಿಸಿದೆವು. ಎತ್ತುವವನು ಅವನಾದರೆ ನನ್ನ ದನಿ ಗುರುತು ಹಿಡಿದಾನು ಎಂದು ಅಕ್ಕ ತಾವೇ ಫೋನು ತೆಗೆದುಕೊಂಡರು.

ಎತ್ತಿದವನು ಅವನೇ. ಕೆಲಸದ ದಿನ, ನಡುಮಧ್ಯಾಹ್ನ, ಮನೆಯಲ್ಲಿ ಕೂತಿದ್ದಾನೆ.

ಅಕ್ಕ ಅಳುಕಲಿಲ್ಲ. ಇಂಗ್ಲೆಂಡಿನವರಿಗೆಲ್ಲ ಭಾರತದಿಂದ ಮಾರಾಟದ ಫೋನು ಹೋಗುತ್ತಿದ್ದ ಕಾಲ ಅದು. ಅಕ್ಕ ಅದೇ ರಾಗ ಎಳೆದರು. "ಸರ್, ಗುಡ್ ಆಫ್ಟರ್‌ನೂನ್ ಸರ್. ನಿಮ್ಮ ಮನೆಯ ಕಿಟಕಿಗಳಿಗೆ ಚಳಿ ತಡೆಯುವ ಜೋಡಿ ಗಾಜು ಹಾಕಿಸುವ ವಿಶೇಷ ಯೋಜನೆ ಇದೆ ಸರ್. ಮೇಡಮ್ ಇದ್ದಾರಾ ಸರ್?" ಅವನು ನನಗೂ ಕೇಳುವ ಹಾಗೆ ಬೈದು ಫೋನು ಕುಕ್ಕಿದ. ಜೇನು ಎಲ್ಲೂ ಇರಲಿಲ್ಲ.

"ಖಲಾಸ್," ಎಂದು ಅಕ್ಕ ಹೆಡ್‌ಸೆಟ್ ಕಳಚಿದರು. "ಈಗ ಗೊತ್ತಾಯ್ತಲ್ಲ, ಎರಡರಲ್ಲಿ ಯಾವುದು ಅಂತ."

ಮರುದಿನ ಅವಳೇ ಶಾಲೆಯ ಫೋನಿನಿಂದ ಮಾತಾಡಿದಳು. "ನಿನ್ನೆ ಊಟದ ಹೊತ್ತಿಗೆ ಫೋನ್ ಮಾಡಿ ಕಿಟಕಿ ಮಾರಿದವರು ನೀವೇನಾ? ಅವನು ಬೈದುಕೊಳ್ಳುತ್ತಿದ್ದ," ಎಂದಳು. ಮೊದಲ ಸಲ ಅವಳು ನಕ್ಕಿದ್ದು ಕೇಳಿದೆ. ನಾನು ನಗಲಿಲ್ಲ. ಅವನ ಎರಡು ಫೋನಿನ ಸಂಗತಿ ಹೇಳಿದೆ.

"ಅವನು ಹೊಡೆಯುವುದಿಲ್ಲ," ಎಂದಳು. "ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಎರಡು ಸಲ ಬಿಟ್ಟು ಹೋದೆ. ಎರಡು ಸಲವೂ ಹೂ ಹಿಡಿದುಕೊಂಡು ಬಂದ. ನನ್ನ ಒಡಹುಟ್ಟಿದ ಅಕ್ಕನ ಮನೆಯ ಎದುರು ಕಾರಿನಲ್ಲಿ ಕೂತ. ಶಾಲೆಯ ಎದುರು ಕೂತ. ನಾನು ವಾಪಸು ಹೋಗುವವರೆಗೂ ಕೂತೇ ಇದ್ದ."

"ಕುರ್ಚಿಗಳು?" ನನ್ನ ಬಾಯಿಂದ ಬಂದೇ ಬಿಟ್ಟಿತು.

"ಅವು ನನ್ನ ಅಪ್ಪ ಮಾಡಿದ್ದು. ಮೂರು ಸಾಕು. ಎಲ್ಲ ಒಯ್ದರೆ ಕಳ್ಳಿ ಅಂತಾನೆ."

ನಂಬಿದೆನೆ? ಪೂರ್ತಿ ನಂಬಿದೆ ಎನ್ನಲಾರೆ. ಅವನ ಬಾಯಿಂದ ಕೇಳಿದರೆ ಈ ಕಥೆ ಬೇರೆಯೇ ಇದ್ದೀತು ಎಂಬುದು ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಆದರೆ ಅವನ ಎರಡು ದನಿಗಳನ್ನು ನಾನೇ ಕೇಳಿದ್ದೆ.

ಯೋಜನೆ ಬದಲಾಯಿಸಿದೆವು. ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ದಿನಾಂಕವನ್ನು ಇನ್ನೂ ಹತ್ತಿರಕ್ಕೆ ತಂದೆವು. ಸಾಮಾನು ನೇರ ಫ್ರಾನ್ಸಿಗೆ ಹೋಗದೆ ಇಂಗ್ಲೆಂಡಿನದೇ ಒಂದು ಗೋದಾಮಿನಲ್ಲಿ ಕೆಲವು ವಾರ ಇರಲಿ, ಲಾರಿಯನ್ನು ಹಿಂಬಾಲಿಸಿದರೂ ಅಲ್ಲಿಗೇ ನಿಲ್ಲುತ್ತಾನೆ ಎಂದು ಸೂಚಿಸಿದವರು ಅಕ್ಕ. ಸಾಮಾನು ಗೋದಾಮಿನಲ್ಲಿರುವಾಗಲೇ ನಾಯಿಯೊಡನೆ ಅವಳು ಕಡಲು ದಾಟುವುದು. ಕೊನೆಯ ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ. "ಅಲ್ಲಿ ಅಂಚೆಪೆಟ್ಟಿಗೆಯ ಮೇಲೆ ಹೆಸರು ಬರೆಯಲೇಬೇಕಂತೆ. ನನ್ನ ತಾಯಿಯ ಮನೆತನದ ಹೆಸರು ಬರೆದರೆ ಆಗುತ್ತದಾ?"

"ಬ್ಯಾಂಕಿಗೆ, ಡಾಕ್ಟರಿಗೆ ಪಾಸ್‌ಪೋರ್ಟಿನ ಹೆಸರೇ ಬೇಕು," ಎಂದೆ. "ಪೆಟ್ಟಿಗೆಗೆ ನಿಮಗೆ ಬೇಕಾದ ಹೆಸರು ಬರೆಯಿರಿ. ಪೋಸ್ಟ್‌ಮ್ಯಾನಿಗೆ ಒಂದು ಮಾತು ಹೇಳಿಡಿ."

ಅವಳು ಹೋದಳು. ಒಂದು ವಾರವೂ ಆಗಿರಲಿಲ್ಲ, ಅವನ ಫೋನು ಬಂತು. ಈ ಸಲ ನಗುವೂ ಇಲ್ಲ, ಬೈಗುಳವೂ ಇಲ್ಲ. ಅಳುತ್ತಿದ್ದ. ವಿಳಾಸ ಬೇಡ, ದೇಶದ ಹೆಸರೂ ಬೇಡ, ಸುರಕ್ಷಿತವಾಗಿ ತಲುಪಿದಳೋ ಇಲ್ಲವೋ ಅಷ್ಟು ಹೇಳಿದರೆ ಸಾಕು ಎಂದ. ಗಂಡಸು ಹಾಗೆ ಬಿಕ್ಕಿ ಅಳುವುದನ್ನು ನಾನು ಅಪ್ಪ ತೀರಿಕೊಂಡಾಗ ನಮ್ಮ ಚಿಕ್ಕಪ್ಪ ಅತ್ತದ್ದು ಬಿಟ್ಟರೆ ಕೇಳಿರಲಿಲ್ಲ. 'ತಲುಪಿದಳು' ಎಂಬ ಒಂದು ಪದದಿಂದ ಏನಾಗುತ್ತದೆ? ಆದರೆ ಆ ಒಂದು ಪದ ಕೊಟ್ಟರೆ ನಾಳೆ ಇನ್ನೊಂದು ಕೇಳುತ್ತಾನೆ. ಅಳುವ ನಡುವೆಯೂ ಅವನು ಉಸಿರು ಬಿಗಿಹಿಡಿದು ನನ್ನ ಕಡೆಯ ಸದ್ದಿಗೆ ಕಿವಿಗೊಡುತ್ತಿದ್ದಾನೆ ಎನ್ನಿಸಿತು. ನಿಜವೋ, ನನ್ನ ಸಂಶಯವೋ, ಇಂದಿಗೂ ಗೊತ್ತಿಲ್ಲ.

"ಆ ವಿಷಯ ನನಗೆ ಹೇಳಲು ಬರುವುದಿಲ್ಲ, ಸರ್," ಎಂದು ಫೋನಿಟ್ಟೆ. ಮತ್ತೆ ಅವನು ಮಾಡಲಿಲ್ಲ.

ಬೇಸಿಗೆ ಏರಿದಾಗ ಅವಳು ಒಮ್ಮೆ ಮಾತಾಡಿದಳು. ಸಾಮಾನು ಬಂದಿದೆ, ಬೆಡ್‌ಶೀಟು ನೀವು ಹೇಳಿದ ಹಾಗೆ ಸಾಲುವುದಿಲ್ಲ, ನಾಲ್ಕು ಮಕ್ಕಳು ಪಾಠಕ್ಕೆ ಬರುತ್ತಾರೆ ಎಂದಳು. ಅವನು ಸ್ಪೇನಿಗೆ ಹೋಗಿ ಹಲವು ದಿನ ಅಲೆದು ಬಂದನಂತೆ, ಅವಳ ಅಕ್ಕನಿಂದ ತಿಳಿಯಿತಂತೆ. ಅದನ್ನು ಕೇಳಿ ನನಗೆ ನಗು ಬರಲಿಲ್ಲ, ಹೆದರಿಕೆಯೇ ಆಯಿತು. ಕಿಟಕಿ ಮಾರಿದ ನಿಮ್ಮ ಅಕ್ಕನಿಗೆ ಫೋನು ಕೊಡಿ ಎಂದಳು. ಇಬ್ಬರೂ ಕಿಟಕಿಯ ಗಾಜಿನ ರೇಟಿನ ಬಗ್ಗೆ ಏನೇನೋ ಮಾತಾಡಿ ನಕ್ಕರು.

ಮುಂದಿನ ವರ್ಷ ನನಗೆ ದುಬೈಯಲ್ಲೇ ಕೆಲಸ ಸಿಕ್ಕಿತು. ಗಂಡನ ಜೊತೆ ಒಂದೇ ಮನೆಯಲ್ಲಿ ಇರುವ ದಿನ ಕೊನೆಗೂ ಬಂತು ಎಂದು ಖುಷಿಯಲ್ಲಿ ಮೇಜು ಖಾಲಿ ಮಾಡುತ್ತಿದ್ದೆ. ಬಿಸ್ಕೆಟ್ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕುತ್ತ ಅಕ್ಕ ಕೇಳಿದರು.

"ನಿನ್ನ ಪಾಸ್‌ಪೋರ್ಟು ಎಲ್ಲಿ ಉಂಟು?"

"ಇವರ ಹತ್ರ. ಮಿರ್ದಿಫ್ ಮನೇಲಿ, ಇಬ್ಬರದ್ದೂ ಒಟ್ಟಿಗೇ ಇಟ್ಟಿದಾರೆ."

"ಒಳ್ಳೆ ಮನುಷ್ಯ ನಿನ್ನ ಗಂಡ, ನಾನು ಎಂತದೂ ಹೇಳೋದಿಲ್ಲ," ಎಂದರು ಅಕ್ಕ. "ಊರೂರಿನವರಿಗೆ ಸಲಹೆ ಕೊಟ್ಟವಳು ನೀನು. ಒಂದು ಸಲಹೆ ನನ್ನದೂ ಇರ್ಲಿ. ಪಾಸ್‌ಪೋರ್ಟು ನಿನ್ನ ಹತ್ರವೇ ಇಟ್ಕೊ."

ಮಿರ್ದಿಫ್‌ಗೆ ಹೋದ ಮೊದಲ ವಾರವೇ ಬೀರುವಿನಿಂದ ನನ್ನ ಪಾಸ್‌ಪೋರ್ಟ್ ತೆಗೆದು ನನ್ನ ಕೈಚೀಲದ ಒಳಜೇಬಿಗೆ ಹಾಕಿಕೊಂಡೆ. ಕೆಲವು ದಿನಗಳ ಮೇಲೆ ಅವರು ಬೀರು ತೆರೆದವರು, "ನಿನ್ನ ಪಾಸ್‌ಪೋರ್ಟ್ ಎಲ್ಲಿ?" ಎಂದರು.

"ನನ್ನ ಹತ್ರ ಇದೆ."

"ಯಾಕೆ?"

"ಸುಮ್ನೆ."

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ನಾನೂ ನೋಡಿದೆ. ಆಮೇಲೆ ಬೀರು ಮುಚ್ಚಿ, ಕಾಫಿಗೆ ಹಾಲಿಡಲು ಅಡಿಗೆಮನೆಗೆ ಹೋದರು.