ಭತ್ತದ ಮದುಮಗಳನ್ನು ಇಳಿಸುವ ತನಕ

ಜಾವಾದ ನಡುನಾಡಿನ ಕರಂಗ್‌ಸೋಗ ಊರಿನಲ್ಲಿ ರುಬಿನೆಮ್‌ಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ನಾಟಿಯ ಸಾಲಿನಲ್ಲಿ ಅವಳು ಮಧ್ಯೆ ನಿಂತರೆ ಆ ತುದಿಯವರೂ ಈ ತುದಿಯವರೂ ನಗುತ್ತಲೇ ಇರಬೇಕು. ಯಾರ ಗಂಡ ಯಾರ ಅಂಗಡಿಗೆ ಕಾಫಿ ಕುಡಿಯಲು ಹೋಗಿ ಸಂಜೆಯಾದರೂ ಏಳುವುದಿಲ್ಲ, ಯಾರ ಸೊಸೆ ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಲು ಹೋಗಿ ಹುಳ ಬರಿಸಿದಳು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಗಂಡ ಜಸ್ವಾದಿ ಮಾತ್ರ ಮಾತೇ ಆಡದವನು. ಅವಳು ಬೆಳಗಿನಿಂದ ಹೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ. "ಹೂಂ."

"ನಿಮ್ಮಿಬ್ರ ಮಾತೂ ಸೇರಿಸಿ ಸಮ ಹಂಚ್ಕೊಂಡಿದ್ರೆ ಇಬ್ರೂ ಮನುಷ್ಯರಾಗ್ತಿದ್ರಿ ಕಣೇ," ಎಂದು ಪಕ್ಕದ ಮನೆಯ ತುಂಪುಕ್ ಛೇಡಿಸುತ್ತಿದ್ದಳು.

"ನಾನ್ಯಾಕೆ ಹಂಚ್ಲಿ? ಅವನ ಪಾಲಿನ ಮಾತು ನಾನಾಡ್ತೀನಿ, ನನ್ನ ಪಾಲಿನ ಕೆಸರು ಅವನು ತುಳೀತಾನೆ. ಲೆಕ್ಕ ಸರಿಯಾಯ್ತಲ್ಲ!"

ಆ ಲೆಕ್ಕ ತಪ್ಪಿದ್ದು ಮಳೆಗಾಲದ ಶುರುವಿನಲ್ಲಿ. ಊರಿನ ಜಮೀನುದಾರ ದರ್ಮಾಜಿಯ ಗದ್ದೆಯ ಬದು ಕಡಿಯುವಾಗ ಗುದ್ದಲಿ ಜಸ್ವಾದಿಯ ಕಾಲಿಗೆ ತಾಗಿತು. ದೊಡ್ಡ ಗಾಯವೇನಲ್ಲ. ಅರಿಶಿನ ಮೆತ್ತಿ, ಬಾಳೆನಾರು ಸುತ್ತಿ, ಸಂಜೆಯವರೆಗೆ ಕೆಸರಲ್ಲೇ ದುಡಿದ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಜಿ ಕುಡಿಯಲು ಅವನಿಗೆ ಬಾಯಿ ತೆರೆಯಲಾಗಲಿಲ್ಲ. ದವಡೆ ಕಚ್ಚಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಬೆನ್ನು ಬಿಲ್ಲಿನ ಹಾಗೆ ಸೆಟೆಯಿತು. ಊರಿನ ಗಂಡಸರು ಅವನನ್ನು ಬಿದಿರಿನ ಮಂಚದ ಸಮೇತ ಹೊತ್ತು ಪೇಟೆಯ ಆಸ್ಪತ್ರೆಗೆ ಹೊರಟರು. ರುಬಿನೆಮ್ ಪಕ್ಕದಲ್ಲಿ ಓಡುತ್ತ ದಾರಿಯುದ್ದಕ್ಕೂ ಮಾತಾಡಿದಳು. ಕೋಳಿ ಮರಿ ಮಾಡಿದೆ ಅಂದಳು. ಮಗಳು ಲಸ್ಮಿನಿ ಬಿದ್ದ ಹಲ್ಲನ್ನು ಮಾಡಿನ ಮೇಲೆ ಎಸೆದಳು ಅಂದಳು. ಅವನು ಕಣ್ಣು ತೆರೆದುಕೊಂಡು ಎಲ್ಲ ಕೇಳಿದ. ಹೂಂ ಅನ್ನಲು ಮಾತ್ರ ಆಗಲಿಲ್ಲ. ಹೊಳೆ ದಾಟುವ ಮೊದಲೇ ಹೊತ್ತವರು ಹಿಂದಿರುಗಿದರು.

ಅವನನ್ನು ದೇವಕಣಗಿಲೆ ಮರದ ಬುಡದಲ್ಲಿ ಮಣ್ಣು ಮಾಡಿದರು. ಮಸೀದಿಯ ಮುದುಕ ಬಂದು ಪ್ರಾರ್ಥನೆ ಓದಿದ. ಸತ್ತ ನಲವತ್ತನೆಯ ದಿನದ ಊಟಕ್ಕೆ ರುಬಿನೆಮ್ ಮನೆಯ ಕೋಳಿಗಳನ್ನೆಲ್ಲ ಕೊಯ್ದಳು. ಆಮೇಲೆ ಮನೆಯಲ್ಲಿ ಉಳಿದದ್ದು ಹಿತ್ತಲಿನ ಮರಗೆಣಸು, ಮಗಳು ಲಸ್ಮಿನಿ, ಮತ್ತು ಬಿದಿರಿನ ಮಂಚ.

ನಲವತ್ತರ ಊಟದ ದಿನವೇ ದರ್ಮಾಜಿಯ ಹೆಂಡತಿ ಮುರ್ತಿನಾ ಪಾತ್ರೆ ತೊಳೆಯುತ್ತಿದ್ದ ರುಬಿನೆಮ್‌ಳ ಪಕ್ಕ ಕುಳಿತು ಮೆಲ್ಲಗೆ ಹೇಳಿದ್ದಳು. "ಸೆಮಾರಾಂಗ್‌ನಲ್ಲಿ ನನ್ನ ತಂಗಿ ಮನೆಗೆ ಕೆಲಸಕ್ಕೆ ಹುಡುಗಿ ಬೇಕಂತೆ. ಲಸ್ಮಿನೀನ ಕಳಿಸು. ಒಂದು ಹೊಟ್ಟೆ ಕಡಿಮೆಯಾಗುತ್ತೆ ನಿಂಗೆ."

"ಕಡಿಮೆ ಮಾಡೋದಾದ್ರೆ ನನ್ನ ಹೊಟ್ಟೆ ಕಡಿಮೆ ಮಾಡ್ತೀನಿ ಮುರ್ತಿನಕ್ಕ. ಕೊಯ್ಲು ಆಗ್ಲಿ. ನನ್ನ ಪಾಲು ಭತ್ತ ಮನೆಗೆ ಬಂದ್ರೆ ನನ್ನ ಮಗಳು ನನ್ನ ಅನ್ನ ತಿಂತಾಳೆ."

ಕೊಯ್ಲಿನ ಪಾಲಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ನಾಟಿ ಹಾಕಿದವಳಿಗೆ ಆ ಗದ್ದೆಯ ಕೊಯ್ಲಿನಲ್ಲಿ ಜಾಗ ಉಂಟು. ಅದಕ್ಕೇ ನಾಟಿಗೆ ಕೂಲಿ ಕೇಳುವುದಿಲ್ಲ, ಮಧ್ಯಾಹ್ನದ ಊಟವಷ್ಟೇ. ಕೊಯ್ದ ಕಟ್ಟುಗಳನ್ನು ಯಜಮಾನನ ಅಂಗಳಕ್ಕೆ ಹೊತ್ತು ತಂದು ಸಾಲಾಗಿ ಇಟ್ಟರೆ ಅದರಲ್ಲಿ ಅವಳ ಪಾಲು ಪಕ್ಕಕ್ಕೆ ಸರಿಯುತ್ತದೆ. ಗಂಡ ಸತ್ತ ಕಣ್ಣೀರಿನಲ್ಲೇ ರುಬಿನೆಮ್ ದರ್ಮಾಜಿಯ ಗದ್ದೆಗೆ ನಾಟಿ ಹಾಕಿದಳು. ಗಂಡ ಕಾಲು ಕೊಯ್ದುಕೊಂಡ ಬದುವಿನ ಪಕ್ಕದಲ್ಲೇ ಬಗ್ಗಿ ಕಳೆ ಕಿತ್ತಳು. ಬಿಡಿಗಾಸು ಮುಟ್ಟಲಿಲ್ಲ.

ಅವಳಿಗೆ ಆ ಗದ್ದೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಮೊದಲ ಕುಯಿಲು ಅವಳದೇ. ಅತ್ತೆ ಸಾಯುವಾಗ ತನ್ನ ಅಂಗೈ ಚೂರಿಯನ್ನು ಅವಳ ಕೈಗಿಟ್ಟಿದ್ದಳು. ಉಗುರಿನಷ್ಟು ಅಲಗು, ಹಿಡಿಯಲು ಒಂದು ಚೂರು ಮರ. ಮುಷ್ಟಿ ಮುಚ್ಚಿದರೆ ಕಾಣುವುದೇ ಇಲ್ಲ. ಒಂದೊಂದೇ ತೆನೆಯನ್ನು ಬೆರಳಿನಲ್ಲಿ ಎಳೆದು ಕೊಯ್ಯಬೇಕು. ದೊಡ್ಡ ಕತ್ತಿ ಕಂಡರೆ ಭತ್ತದ ದೇವತೆ ದೇವಿ ಶ್ರೀ ಹೆದರಿ ಗದ್ದೆ ಬಿಟ್ಟು ಹೋಗುತ್ತಾಳೆ. ಕೊಯ್ಲಿನ ಬೆಳಿಗ್ಗೆ ಒಳ್ಳೆಯ ತೆನೆಗಳನ್ನು ಆರಿಸಿ ಎರಡು ಹಿಡಿ ಮಾಡಿ ಮದುಮಗಳು ಮದುಮಗ ಎಂದು ಕಟ್ಟುವುದು, ಹೊಸ ಬಟ್ಟೆ ಸುತ್ತಿ ಮಗುವಿನ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ಯಜಮಾನನ ಕಣಜಕ್ಕೆ ತಲುಪಿಸುವುದು. ಹೊತ್ತವಳು ಕಣಜದಲ್ಲಿ ಇಳಿಸುವ ತನಕ ಮಾತಾಡಬಾರದು, ತಿರುಗಿ ನೋಡಬಾರದು. ಮಾತಾಡಿದರೆ ಭತ್ತದ ಜೀವ ಹಾರಿಹೋಗುತ್ತದೆ.

"ವರ್ಷಕ್ಕೆ ಆ ಒಂದು ಬೆಳಿಗ್ಗೆಯಾದ್ರೂ ಊರಿಗೆ ನೆಮ್ಮದಿ," ಎಂದು ತುಂಪುಕ್ ನಗುತ್ತಿದ್ದಳು.

ಆ ಸಲ ಕೊಯ್ಲಿಗೆ ಮುಂಚಿನ ಸಂಜೆ ದರ್ಮಾಜಿ ಹೊಸ ಬೈಕಿನಲ್ಲಿ ಅವಳ ಅಂಗಳಕ್ಕೆ ಬಂದ. ಇಳಿಯಲಿಲ್ಲ.

"ನಾಳೆ ಮದುಮಗಳನ್ನ ತಂದ್ಬಿಡು. ಅಮ್ಮ ಹೇಳಿ ಕಳ್ಸಿದ್ಲು."

"ತರ್ತೀನಿ ದರ್ಮಾಜಣ್ಣ. ಕೊಯ್ಲಿಗೆ ಹೆಂಗಸರಿಗೆ ಹೇಳಿದ್ದೀನಿ, ಬೆಳಕು ಹರಿಯೋಕೆ ಮುಂಚೆ ಬರ್ತಾರೆ. ನಮ್ಮ ತುಂಪುಕ್ ಅಂತೂ ಈಗ್ಲೇ ಬುಟ್ಟಿ ಹಿಡ್ಕೊಂಡು ಕೂತಿದ್ದಾಳೆ."

ದರ್ಮಾಜಿ ಬೈಕಿನ ಕನ್ನಡಿಯನ್ನು ಒರೆಸಿದ. "ನೀನು ಮೊದ್ಲು ಅದನ್ನ ತಾ. ಮಿಕ್ಕಿದ್ದು ಆಮೇಲೆ ನೋಡೋಣ," ಎಂದು ಹೊರಟುಹೋದ.

ಅವಳಿಗೆ ಏನೂ ಅನ್ನಿಸಲಿಲ್ಲ. ಮಲಗುವ ಮುಂಚೆ ಲಸ್ಮಿನಿಗೆ ಹೇಳಿದಳು. "ನೀನು ಎಲ್ಲಿಗೂ ಹೋಗೋದು ಬೇಡ. ಮುಂದಿನ ಮಳೆಯವರೆಗೂ ಸಾಕಾಗೋಷ್ಟು ಬರುತ್ತೆ." ಆಮೇಲೆ ರೂಢಿಯಂತೆ ಗೋಡೆಯ ಕಡೆಗೆ ತಿರುಗಿ ಅದನ್ನೇ ಗಂಡನಿಗೂ ಹೇಳಿದಳು. ಸ್ವಲ್ಪ ಹೊತ್ತು ಕಾದಳು. ಅದೂ ಈಗ ರೂಢಿಯಾಗಿತ್ತು.

ಬೆಳಿಗ್ಗೆ ಗದ್ದೆಯ ಮೂಲೆಯಲ್ಲಿ ತೆಂಗಿನಹಾಲಿನ ಅನ್ನ, ಮೊಟ್ಟೆ, ಹೂವು, ಒಂದು ಬಾಚಣಿಗೆ, ಒಂದು ಚೂರು ಕನ್ನಡಿ ಇಟ್ಟಳು. ಹೊಸ ತಳಿಯ ಗಿಡ್ಡ ಭತ್ತ. ಹಳೆಯದು ಎದೆಯವರೆಗೆ ಬರುತ್ತಿತ್ತು, ಇದಕ್ಕೆ ಸೊಂಟ ಬಗ್ಗಿಸಬೇಕು. ಆದರೂ ತೆನೆ ತುಂಬಿತ್ತು. ಮದುಮಗಳನ್ನೂ ಮದುಮಗನನ್ನೂ ಜೋಡಿಸಿ ಬಾಳೆನಾರು ಬಿಗಿಯುವಾಗ ಅವಳ ಕೈ ಒಂದು ಕ್ಷಣ ನಿಂತಿತು. ಇಂಥದೇ ನಾರನ್ನು ಗಂಡ ಗಾಯದ ಕಾಲಿಗೆ ಕಟ್ಟಿಕೊಂಡಿದ್ದ. ಬಿಗಿದಳು. ಸೊಂಟಕ್ಕೆ ಕಟ್ಟಿಕೊಂಡಳು. ಲಸ್ಮಿನಿ ಕೊಡೆ ಹಿಡಿದಳು. ಬದುವಿನ ಮೇಲೆ ಹೆಂಗಸರು ಅಂಗೈಯಲ್ಲಿ ಚೂರಿ ಮುಚ್ಚಿಕೊಂಡು ಸಾಲಾಗಿ ಕುಳಿತಿದ್ದರು. ಅವಳು ಹೋಗಿ ಬಂದ ಮೇಲೆ ಅವರು ಗದ್ದೆಗೆ ಇಳಿಯಬೇಕು.

ಅರ್ಧ ದಾರಿ ನಡೆದಿದ್ದಳು. ಎದುರಿನಿಂದ ಲಾರಿಯೊಂದು ಬಂತು. ಅದರ ತುಂಬ ಬೇರೆ ಊರಿನ ಗಂಡಸರು, ಕೈಯಲ್ಲಿ ಕುಡುಗೋಲು. ಮುಂದೆ ಪೇಟೆಯ ಭತ್ತದ ವ್ಯಾಪಾರಿ ಕಸ್ದು ಕುಳಿತಿದ್ದ. ಲಾರಿ ಅವಳಿಗೆ ದಾರಿ ಬಿಟ್ಟು, ದಾಟಿ, ಗದ್ದೆಯ ಹತ್ತಿರ ನಿಂತಿತು. ಅವಳು ತಿರುಗಿ ನೋಡುವಂತಿಲ್ಲ. ಕೇಳಿಸಿಕೊಂಡಳು.

"ಏಳಿ, ಏಳಿ, ಮನೆಗೆ ಹೋಗಿ!" ಕಸ್ದುವಿನ ಗಂಟಲು. "ಈ ಗದ್ದೆ ಫಸಲು ನಿಂತ ಹಾಗೇ ನಾನು ಕೊಂಡಿದ್ದೀನಿ. ನನ್ನ ಆಳುಗಳಿದ್ದಾರೆ."

"ನಾಟಿ ಹಾಕಿದ್ದು ನಾವು ಕಣಯ್ಯಾ!"

"ಹಾಕ್ಸಿದವನನ್ನ ಕೇಳಿ ಹೋಗ್ರಮ್ಮ."

ತುಂಪುಕ್ ಓಡುತ್ತ ಬಂದು ರುಬಿನೆಮ್‌ಳ ಮುಂದೆ ನಿಂತಳು. ಏದುಸಿರು. "ಬಾರೇ! ಬಂದು ಮಾತಾಡೇ! ನಿನ್ನ ಬಾಯಿಗೆ ಅವನು ಹೆದರ್ತಾನೆ, ದರ್ಮಾಜೀನೂ ಹೆದರ್ತಾನೆ. ಇನ್ನೂ ಕುಡುಗೋಲು ಹಾಕಿಲ್ಲ."

ರುಬಿನೆಮ್ ಸೊಂಟದ ಗಂಟನ್ನು ತೋರಿಸಿದಳು.

"ಆ ಹುಲ್ಲುಕಟ್ಟನ್ನ ಬಿಸಾಕೇ! ನಮ್ಮ ಪಾಲೇ ಹೋಗ್ತಿದೆ!"

ಲಸ್ಮಿನಿ ತಾಯಿಯ ತೋಳು ಹಿಡಿದಳು. "ಅಮ್ಮಾ," ಅಂದಳು.

ರುಬಿನೆಮ್‌ಳ ಬಾಯಿಯ ತುಂಬ ಮಾತಿತ್ತು. ಕಸ್ದುವಿನ ವಂಶ ಜಾಲಾಡುವಷ್ಟಿತ್ತು. ಬಾಯಿ ಬಿಟ್ಟರೆ ಭತ್ತದ ಜೀವ ಹೋಗುತ್ತದೆ, ಮುಂದಿನ ಬೆಳೆ ಜೊಳ್ಳಾದರೆ ಊರೆಲ್ಲ ತನ್ನ ಹೆಸರು ಹೇಳುತ್ತದೆ. ಬಿಡದಿದ್ದರೆ ಮಗಳು ಕೈತಪ್ಪುತ್ತಾಳೆ. ಬೇಗ ಹೋಗಿ ಕಣಜದಲ್ಲಿ ಇಳಿಸಿ, ಅಲ್ಲೇ ದರ್ಮಾಜಿಯ ಮುಖದ ಮೇಲೆ ಕೇಳಿಬಿಡುತ್ತೇನೆ ಎಂದುಕೊಂಡಳು. ತುಂಪುಕ್‌ಳನ್ನು ಬಳಸಿ ಮುಂದೆ ನಡೆದಳು. ಓಡಿದಂತೆಯೇ ನಡೆದಳು. ಹಿಂದೆ ಕುಡುಗೋಲಿನ ಸದ್ದು ಶುರುವಾಯಿತು. ಸರ್, ಸರ್, ಸರ್. ಆ ಸದ್ದನ್ನು ಆ ಗದ್ದೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ದರ್ಮಾಜಿಯ ಅಂಗಳದಲ್ಲಿ ಕಣಜ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಹೊಸ ಸಿಮೆಂಟು ಹಾಸಿತ್ತು, ಅದರ ಮೇಲೆ ಬೈಕು. ತೇಗದ ಹಲಗೆಗಳು ಗೋಡೆಗೆ ಒರಗಿದ್ದವು. ಮೂಲೆಯಲ್ಲಿ ಗೊಬ್ಬರದ ಚೀಲಗಳು.

ಅವಳು ಅಂಗಳದ ನಡುವೆ ನಿಂತಳು. ಇಳಿಸುವ ಜಾಗ ಇರಲಿಲ್ಲ. ಹಾಗಾಗಿ ಬಾಯಿ ತೆರೆಯುವ ಹಾಗೂ ಇರಲಿಲ್ಲ.

ದರ್ಮಾಜಿ ಒಳಗಿನಿಂದ ಬಂದ. ಅವಳ ಮುಖ ನೋಡದೆ ಹೇಳಿದ. "ಫಸಲೇ ಮನೆಗೆ ಬರಲ್ಲ, ಕಣಜ ಯಾಕೆ ಅಂತ ಬಿಚ್ಚಿಸ್ದೆ. ನೋಡು, ನನ್ಮೇಲೆ ಕೋಪ ಮಾಡ್ಕೋಬೇಡ. ಕೊಯ್ಲು ಅಂದ್ರೆ ಅರ್ಧ ಜಿಲ್ಲೆ ಹೆಂಗಸರು ಬರ್ತಾರೆ. ಬೇಡ ಅನ್ನೋಕೆ ನಂಗಾಗಲ್ಲ, ಎಲ್ಲರೂ ನೆಂಟರೇ. ತುಳಿದು ಅರ್ಧ ಉದುರುತ್ತೆ. ಕಸ್ದುಗೆ ಕೊಟ್ರೆ ಬೇಡ ಅನ್ನೋನು ಅವನು. ನಾನು ಕೆಟ್ಟೋನಾಗಲ್ಲ."

ಜಗುಲಿಯ ಮೇಲೆ ಅವನ ಮುದಿ ತಾಯಿ ಕುಳಿತಿದ್ದಳು. ಕಣ್ಣು ಕಾಣದು. "ಬಂದ್ಲಾ ಮದುಮಗಳು? ಒಳಗೆ ಕರ್ಕೊಳ್ರೋ," ಅಂದಳು.

"ಬಂದ್ಲು ಕಣಮ್ಮ," ಎಂದ ದರ್ಮಾಜಿ. ಆಮೇಲೆ ಧ್ವನಿ ತಗ್ಗಿಸಿ, "ಅಮ್ಮನ ಸಮಾಧಾನಕ್ಕೆ ನಿನ್ನ ಕರೆದದ್ದು. ಅಲ್ಲೆಲ್ಲಾದ್ರೂ ಇಡು. ಆ ಚೀಲದ ಮೇಲಾದ್ರೂ ಇಡು."

ರುಬಿನೆಮ್ ಗೊಬ್ಬರದ ಚೀಲಗಳನ್ನು ನೋಡಿದಳು. ಮುದುಕಿಯನ್ನು ನೋಡಿದಳು. ಬಂದ ಹಾಗೇ ಹೊರಗೆ ನಡೆದಳು. ಮುರ್ತಿನಾ ಬಾಗಿಲಲ್ಲಿ ನಿಂತು "ನಿಲ್ಲೇ, ಒಂದ್ಲೋಟ ಟೀ ಆದ್ರೂ ಕುಡ್ಕೊಂಡು ಹೋಗೇ," ಎನ್ನುತ್ತಿದ್ದಳು.

ಮನೆಗೆ ಹೋಗುವ ದಾರಿ ಗದ್ದೆಯ ಪಕ್ಕದಲ್ಲೇ. ಅರ್ಧ ಗದ್ದೆ ಆಗಲೇ ಬೋಳು. ಹೆಂಗಸರು ಬದುವಿನಲ್ಲಿ ನಿಂತೇ ಇದ್ದರು. ಅವಳು ದಾಟುವಾಗ ಯಾರೂ ಕರೆಯಲಿಲ್ಲ. ತುಂಪುಕ್ ಉಗಿದಳು. ಅವಳ ಕಡೆಗಲ್ಲ, ನೆಲಕ್ಕೆ.

ಮನೆಯಲ್ಲಿ ಮಂಚದ ನೇರಕ್ಕೆ ಮಾಡಿನ ಬಿದಿರಿಗೆ ಆ ಜೋಡಿಯನ್ನು ತೂಗುಹಾಕಿದಳು. ಈಗ ಇಳಿಸಿದ ಹಾಗಾಯಿತು. ಈಗ ಮಾತಾಡಬಹುದು. ಗೋಡೆಯ ಕಡೆ ತಿರುಗಿ, "ಬಂದೆ," ಅಂದಳು. ಹೂಂ ಇಲ್ಲ. ಲಸ್ಮಿನಿ ಕೊಡೆ ಮಡಚದೆ ಬಾಗಿಲಲ್ಲಿ ನಿಂತಿದ್ದಳು.

ಕಸ್ದುವಿನ ಆಳುಗಳು ಹೋದ ಮೇಲೆ ಹೆಂಗಸರೆಲ್ಲ ಉದುರಿದ ತೆನೆ ಆರಿಸಿದರು. ರುಬಿನೆಮ್‌ಳ ಪಾಲಿಗೆ ಒಂದು ಮೊರದಷ್ಟು ಬಂತು. ಅದನ್ನು ಮರಗೆಣಸಿನ ಜೊತೆ ಬೆರೆಸಿ ತಿಂದರು. ಆಮೇಲೆ ಬರೀ ಮರಗೆಣಸು. ಆಮೇಲೆ ಅದರ ಎಲೆ.

"ನೀನೊಂದು ಮಾತು ಆಡಿದ್ದಿದ್ರೆ," ಎಂದು ತುಂಪುಕ್ ಒಂದು ದಿನ ಬಾವಿಯ ಹತ್ತಿರ ಅಂದಳು. ಕೊಡ ಎತ್ತಿಕೊಂಡು ಹೊರಟಳು.

ಆಡಿದ್ದರೆ ಏನಾಗುತ್ತಿತ್ತು? ರುಬಿನೆಮ್ ಅದನ್ನೇ ನೀರು ಸೇದುವಾಗ, ಸೌದೆ ತರುವಾಗ ಯೋಚಿಸಿದಳು. ಕಸ್ದು ಲಾರಿ ತಿರುಗಿಸುತ್ತಿದ್ದನೇ? ಇಲ್ಲ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಹೌದೂ ಅನ್ನಿಸುತ್ತಿತ್ತು. ಹೌದು ಅನ್ನಿಸಿದ ದಿನ ಸೌದೆಯ ಹೊರೆ ಎತ್ತಲಾಗುತ್ತಿರಲಿಲ್ಲ.

ಮುರ್ತಿನಾ ಮತ್ತೆ ಬಂದಳು. ಕೈಯಲ್ಲಿ ಒಂದು ಅಚ್ಚು ಬೆಲ್ಲ ಇತ್ತು. "ಅಲ್ಲಿ ಮೂರ್ಹೊತ್ತೂ ಅನ್ನ ಕಣೇ. ನನ್ನ ತಂಗಿ ಹೊಡೆಯೋಳಲ್ಲ."

ರುಬಿನೆಮ್ ಲಸ್ಮಿನಿಯ ಕೈ ನೋಡಿದಳು. ಕಡ್ಡಿಯಂತಾಗಿತ್ತು. ಆಗಲಿ ಎಂದು ತಲೆ ಆಡಿಸಿದಳು.

ಹೊರಡುವ ಹಿಂದಿನ ದಿನ ಮಂಚದ ಮೇಲಿನ ಜೋಡಿಯನ್ನು ಇಳಿಸಿ ನಾರು ಬಿಚ್ಚಿದಳು. ಮದುಮಗಳೂ ಮದುಮಗನೂ ಬೀಜಕ್ಕೆ ಇಡುವ ಭತ್ತ. ಗದ್ದೆಯಿಲ್ಲದವಳಿಗೆ ಬೀಜ ಯಾಕೆ? ಒರಳಿಗೆ ಹಾಕಿದಳು. ಒನಕೆಯ ಸದ್ದು ಕೇಳಿ ತುಂಪುಕ್ ಓಡಿಬಂದಳು.

"ಅಯ್ಯಯ್ಯೋ, ಏನ್ ಮಾಡ್ತಿದ್ದೀಯೇ! ಅದು ದೇವಿ ಶ್ರೀ ಕಣೇ!"

"ಗೊತ್ತು. ಅವಳನ್ನ ಹೊತ್ಕೊಂಡು ಬಾಯಿ ಮುಚ್ಕೊಂಡು ನಡೆದೋಳು ನಾನು. ಅವಳ ಮರ್ಯಾದೆ ಉಳಿಸಿ ನನ್ನ ಮಗಳ ತುತ್ತು ಕಳೆದೆ. ಇವತ್ತೊಂದು ತುತ್ತು ಅವಳು ಕೊಡ್ಲಿ. ಕೋಪ ಬಂದ್ರೆ ನನ್ನ ಮೇಲೆ ಬರ್ಲಿ. ನನ್ಹತ್ರ ಇನ್ನೇನಿದೆ ಕಿತ್ಕೊಳ್ಳೋಕೆ?"

ಊರು ಅವಳ ಬಾಯಿಂದ ಕೇಳಿದ ಕೊನೆಯ ಉದ್ದ ಮಾತು ಅದು. ತುಂಪುಕ್ ಪಕ್ಕದಲ್ಲಿ ಕುಳಿತು ಹೊಟ್ಟು ಕೇರಿಕೊಟ್ಟಳು.

ಒಂದು ಬೋಗುಣಿ ಅನ್ನವಾಯಿತು. ಹೊಸ ತಳಿಯ ಭತ್ತ, ಪರಿಮಳವೇ ಇಲ್ಲ. ಲಸ್ಮಿನಿ ಅರ್ಧ ತಿಂದು ಬೋಗುಣಿಯನ್ನು ತಳ್ಳಿದಳು.

"ನೀನೂ ತಿನ್ನಮ್ಮ."

"ನಂದಾಯ್ತು."

"ಯಾವಾಗ?"

"ನೀನು ಬಟ್ಟೆ ಮಡಚ್ತಿದ್ಯಲ್ಲ, ಆಗ."

ಲಸ್ಮಿನಿಗೆ ಗೊತ್ತಿತ್ತು. ಆದರೂ ತಿಂದಳು. ಹಸಿವಾಗಿತ್ತು. ಮಾರನೆಯ ಬೆಳಿಗ್ಗೆ ಮುರ್ತಿನಾಳ ಜೊತೆ ಬಸ್ಸು ಹತ್ತಿದಳು. ರುಬಿನೆಮ್ ಮಗಳಿಗೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡಿದ್ದಳು. ಬಸ್ಸಿನ ಕಿಟಕಿಯ ಹತ್ತಿರ ನಿಂತಾಗ ದವಡೆ ಕಚ್ಚಿಕೊಂಡ ಹಾಗಾಯಿತು. ಕೈ ಮಾತ್ರ ಎತ್ತಿದಳು.

ಮತ್ತೆ ಮಳೆ ಬಂತು. ದರ್ಮಾಜಿಯ ಗದ್ದೆಗೆ ನಾಟಿಗೆ ಕರೆ ಬಂತು. ಈಗ ದಿನಗೂಲಿ, ಕೊಯ್ಲಿನ ಮಾತಿಲ್ಲ. ಅವಳು ಹೋದಳು. ಹೋಗದೆ ಏನು ಮಾಡುವುದು? ಹೆಂಗಸರು ಅವಳಿಗೆ ಮೊದಲಿನಂತೆ ಮಧ್ಯದಲ್ಲಿ ಜಾಗ ಬಿಟ್ಟರು. ಎಲ್ಲರೂ ಬಗ್ಗಿ ಸಸಿ ಊರುತ್ತ ಹಿಂದಕ್ಕೆ ಹಿಂದಕ್ಕೆ ನಡೆದರು.

"ಕೇಳಿದ್ರಾ?" ಎಂದಳು ತುಂಪುಕ್ ಜೋರಾಗಿ. "ದರ್ಮಾಜಿ ನಿನ್ನೆ ಬೈಕ್ ಸಮೇತ ಕಾಲುವೆಗೆ ಬಿದ್ನಂತೆ. ಬೈಕು ಮೇಲೆ, ಅವನು ಕೆಳಗೆ. ಮುರ್ತಿನಾ ಓಡಿಬಂದು ಮೊದ್ಲು ಬೈಕ್ ಒರೆಸಿದ್ಳಂತೆ!"

ಸಾಲಿನ ಉದ್ದಕ್ಕೂ ನಗು ಹರಿಯಿತು. ಆಮೇಲೆ ನಿಂತಿತು. ಎಲ್ಲರೂ ರುಬಿನೆಮ್‌ಳ ಕಡೆ ನೋಡಿದರು. ಇದಕ್ಕೆ ಮೇಲೊಂದು ಮಾತು ಅವಳೇ ಹಾಕಬೇಕು. ಯಾವಾಗಲೂ ಅವಳೇ ಹಾಕುತ್ತಿದ್ದುದು.

ಅವಳು ಕೈಯಲ್ಲಿದ್ದ ಸಸಿ ಊರಿದಳು. ಒಂದು ಹೆಜ್ಜೆ ಹಿಂದಿಟ್ಟಳು.

"ಹೂಂ," ಅಂದಳು.