ಮನೆಗೊಂದು ಕಾರ್ಡು

ಎರಡು ದಾಖಲೆಗಳು ಒಬ್ಬರದೇ ಎಂದು ಯಾರು ಹೇಳುತ್ತಾರೋ, ರುಜುವಾತಿನ ಹೊಣೆ ಅವರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಈ ಒಂದು ನಿಯಮವನ್ನು ಹಿಡಿದುಕೊಂಡೇ ನಾನು ಆ ಕೆಲಸಕ್ಕೆ ಕೂತಿದ್ದೆ. ಸಿಂಧನೂರು, ಲಿಂಗಸುಗೂರುಗಳಲ್ಲಿ ರಕ್ತಪರೀಕ್ಷೆಯ ಲ್ಯಾಬು ನಡೆಸುತ್ತಿದ್ದ ನಮ್ಮ ಮಾಲೀಕರು ಮಸ್ಕಿಯಲ್ಲಿ ಮೂರನೆಯದನ್ನು ತೆರೆಯುವವರಿದ್ದರು. ಅಷ್ಟರೊಳಗೆ ಎರಡೂ ಊರಿನ ರೋಗಿಗಳ ವಿವರ ಒಂದೇ ಕಡೆ, ಒಬ್ಬರಿಗೆ ಒಂದೇ ದಾಖಲೆಯಂತೆ ಸೇರಬೇಕಿತ್ತು. ಅದರ ನಕ್ಷೆ ಬರೆಯುವುದು ನನ್ನ ಕೆಲಸ: ವ್ಯಕ್ತಿಗೊಂದು ಚೌಕ, ಮನೆಗೊಂದು, ಫೋನಿಗೊಂದು, ಪರೀಕ್ಷೆಗೊಂದು, ಯಾವುದು ಯಾವುದಕ್ಕೆ ಸೇರಿದ್ದೆಂದು ತೋರಿಸುವ ಗೆರೆಗಳು.

ಮಾಲೀಕರಿಗೆ ಇಷ್ಟೊಂದು ಚೌಕಗಳು ಯಾಕೆಂದೇ ತಿಳಿಯಲಿಲ್ಲ.

“ಹೆಸರು, ಅಡ್ಡಹೆಸರು, ಊರು, ಫೋನು. ನಾಲ್ಕೂ ಕೂಡಿದ್ರ ಒಬ್ಬರ. ಸೇರಿಸಿ ಮುಗಿಸಿಬಿಡು, ತಂಗಿ.”

“ನಾಲ್ಕೂ ಕೂಡಿದ್ರ ಒಬ್ಬರಿರಬಹುದು ಅಂತ, ಅಷ್ಟರೀ ಸರ್.”

“ನೀ ವಾದಾ ಮಾಡಾಕ ಬಂದೀಯೋ, ಕೆಲಸಾ ಮಾಡಾಕೋ?”

“ಎರಡಕ್ಕೂ ಒಂದ ಪಗಾರ್ರೀ.”

ಹೊಂದಿಸಿ ನೋಡಿದ ಮೊದಲ ಸುತ್ತಿನಲ್ಲೇ ಮಸ್ಕಿ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಸಿಕ್ಕಳು. ನಾಲ್ಕೂ ಕೂಡಿದ್ದವು, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಗಂಡನ ಹೆಸರನ್ನು ನಮ್ಮ ಕೌಂಟರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಆದರೆ ರಕ್ತದ ಗುಂಪು ಲಿಂಗಸುಗೂರಿನಲ್ಲಿ ಪಾಸಿಟಿವ್. ಜ್ವರಕ್ಕೆಂದು ಸಿಂಧನೂರಿಗೆ ಬಂದಾಗ ಬರೆದದ್ದು ನೆಗೆಟಿವ್. ಲಿಂಗಸುಗೂರಿನ ದಾಖಲೆಯಲ್ಲಿ ಈಚಿನ ಬಸಿರಿನ ಪರೀಕ್ಷೆಗಳೂ ಇದ್ದವು. ನೆಗೆಟಿವ್ ಇರುವ ಬಸುರಿಗೆ ಸಮಯಕ್ಕೆ ಒಂದು ಇಂಜೆಕ್ಷನ್ ಬೀಳದಿದ್ದರೆ ಮುಂದೆ ಹುಟ್ಟುವ ಕೂಸಿಗೆ ಅಪಾಯವಾಗಬಹುದು. ಪಾಸಿಟಿವ್ ಎಂದು ಬರೆದಿದ್ದರೆ ಆ ಇಂಜೆಕ್ಷನ್ನಿನ ಮಾತನ್ನೇ ಯಾರೂ ಎತ್ತುವುದಿಲ್ಲ.

“ಸಿಂಧನೂರಾಗ ಸ್ಯಾಂಪಲ್ ಅದಲಿಬದಲಿ ಆಗಿರಬೇಕು,” ಎಂದರು ಮಾಲೀಕರು. “ಎರಡರಾಗ ಹೊಸಾದು ಇಟ್ಕೊ.”

“ರಕ್ತದ ಗುಂಪಿನ್ಯಾಗ ಹೊಸಾದು ಹಳೇದು ಇರಂಗಿಲ್ರೀ ಸರ್. ಫೋನ್ ಹಚ್ಚಿ ಕೇಳ್ತೀನಿ.”

ಫೋನ್ ಎತ್ತಿದವರು ಆ ಮನೆಯ ಅತ್ತೆ. ನಾನು ಹೆಸರು ಹೇಳಿದೆ.

“ಯಾಕಿ ಬೇಕವಾ? ದೊಡ್ಡಾಕಿನೋ, ಸಣ್ಣಾಕಿನೋ?”

ಸೊಸೆಯರಿಬ್ಬರೂ ಅಣ್ಣತಮ್ಮಂದಿರ ಮಕ್ಕಳಂತೆ. ಇಬ್ಬರಿಗೂ ಒಬ್ಬಳೇ ಅಜ್ಜಿಯ ಹೆಸರಿಟ್ಟಿದ್ದರು. ಆಮೇಲೆ ಇಬ್ಬರನ್ನೂ ಒಂದೇ ಮನೆಗೆ ಕೊಟ್ಟಿದ್ದರು.

“ಈಗ ಬಸುರಿ ಯಾರ್ರೀ?”

“ಸಣ್ಣಾಕಿ.”

“ಲಿಂಗಸುಗೂರಿಗೆ ನಮ್ಮ ಲ್ಯಾಬಿನ ಕಾರ್ಡು ಯಾರದು ಒಯ್ದಿದ್ರಿ?”

“ದೊಡ್ಡಾಕಿ ಬಸುರಿದ್ದಾಗ ಮಾಡಿಸಿದ್ದು ಇತ್ತಲ್ಲ, ಅದನ್ನ. ರೇಷನ್ ಕಾರ್ಡು ಮನಿಗೊಂದ ಇರತೈತಿ, ಇದೇನು ತಲಿಗೊಂದೇನವಾ?”

ಕಾರ್ಡಿನ ಮೇಲೆ ಗುಂಪು ಬರೆದಿದ್ದರಿಂದ ಲಿಂಗಸುಗೂರಿನವರು ಮತ್ತೆ ಪರೀಕ್ಷಿಸಿರಲಿಲ್ಲ. ಮರುದಿನ ಅತ್ತೆ ಸೊಸೆಯರು ಮೂವರನ್ನೂ ಅಲ್ಲಿಗೆ ಕರೆಸಿದೆವು. ಸಣ್ಣಾಕೆಯದು ನೆಗೆಟಿವ್ ಎಂದೇ ಬಂತು; ಜ್ವರಕ್ಕೆ ಸಿಂಧನೂರಿಗೆ ಬಂದಿದ್ದವಳು ಅವಳೇ. ಇನ್ನೂ ಸಮಯವಿತ್ತು, ಆಕೆಯನ್ನು ನೋಡುತ್ತಿದ್ದ ಡಾಕ್ಟರು ಅಂದೇ ಇಂಜೆಕ್ಷನ್ ಕೊಟ್ಟರು.

“ಇಷ್ಟು ದಿನಾ ನನ್ನ ರಕ್ತದ ಮ್ಯಾಲೆ ಬಾಳೇ ಮಾಡೀದಿ ನೋಡು,” ಎಂದು ದೊಡ್ಡಾಕೆ ಕೆಣಕಿದಳು. ಸಣ್ಣಾಕೆ ನಗಲಿಲ್ಲ.

ವಾದ ಗೆದ್ದೆನೆಂದು ಹೇಳಲಾರೆ. ಎರಡನ್ನು ಯಾವಾಗ ಒಂದು ಮಾಡಬೇಕೆಂದು ನಾನೂ ಮಾಲೀಕರೂ ಜಗಳಾಡಿದ್ದೆವು. ಇಲ್ಲಿ ಕಂಪ್ಯೂಟರು ಕೈಹಚ್ಚುವ ಮೊದಲೇ ಮನೆಯವರೇ ಇಬ್ಬರನ್ನು ಒಂದು ಮಾಡಿದ್ದರು. ಒಂದಾಗಿದ್ದನ್ನು ಎರಡಾಗಿ ಬಿಡಿಸುವ ದಾರಿ ನನ್ನ ನಕ್ಷೆಯಲ್ಲಿ ಇರಲೇ ಇಲ್ಲ. ಹಾಗಾಗಿ ವಾರಗಿತ್ತಿಯರನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದೊಂದೇ ಪರೀಕ್ಷೆ ಓದಿದೆ.

“ಇದು ನಂದು. ಅದು ಅಕ್ಕಂದು, ಕಾಮಣಿ ಆದಾಗಿಂದು.”

ಕಾಮಾಲೆಗೆ ಇಲ್ಲಿ ಕಾಮಣಿ ಎನ್ನುತ್ತಾರೆ; ಅದನ್ನು ದೊಡ್ಡಾಕೆಯ ದಾಖಲೆಗೆ ಹಾಕಿದೆ. ಒಂದು ಪರೀಕ್ಷೆ ಮಾತ್ರ ಇಬ್ಬರಿಗೂ ನೆನಪಿರಲಿಲ್ಲ.

“ಇದನ್ನ ಯಾರ ಹೆಸರಿಗೆ ಹಾಕ್ತಿ?” ಮಾಲೀಕರು ಕೇಳಿದರು.

“ಯಾರಿಗೂ ಇಲ್ರೀ. ಗೊತ್ತಿಲ್ಲ ಅಂತ ಇರಲಿ.”

ಅವರು ಬೇಡವೆನ್ನಲಿಲ್ಲ. ಸಣ್ಣಾಕೆಯ ಹೊಸ ಕಾರ್ಡು ತಯಾರಾದಾಗ ಅತ್ತೆ ರೂಢಿಯಂತೆ ಕೈ ಚಾಚಿದರು.

“ಇರಲಿ ಬಿಡ್ರಿ ಅತ್ತಿ,” ಎಂದಳು ಆಕೆ. “ನನ್ನ ಹತ್ರ ಇರತೈತಿ.”